ಹಿತ್ತಲ ಮಣ್ಣೂ ಮದ್ದೇ. ಆದರೆ ಬಾಟಲಿಯ ಹೆಸರು ಮದ್ದಲ್ಲ



ಮಳೆ ಹಿಡಿಯುವ ಮುನ್ನ ಕೊನೆಗಳಿಗೆ ಒಂದು ಮದ್ದು, ಅದಾದ ನಲವತ್ತು ನಲವತ್ತೈದು ದಿನಕ್ಕೆ ಹೊಳವಾದ ದಿನ ನೋಡಿ ಇನ್ನೊಂದು ಮದ್ದು. ಇದು ಅಂಕೋಲೆ, ಕಾರವಾರದ ಒಳಹಳ್ಳಿಗಳ ಅಡಿಕೆ ತೋಟಿಗರಿಗೆ ಹಬ್ಬ ಹುಣ್ಣಿಮೆಯಷ್ಟೇ ರೂಢಿಯಾದ ಕೆಲಸ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ.

ಈಚೆಗೆ ಸಂಘದ ಮಳಿಗೆಗೆ ಬರುವ ಸದಸ್ಯರಲ್ಲಿ ಕೆಲವರು ಬೇರೊಂದನ್ನು ಕೇಳುತ್ತಿದ್ದಾರೆ. "ಬ್ಯಾಸಿಲಸ್ ಬಾಟಲಿ ಇಟ್ಟಿದ್ದೀರಾ? ಅದೊಂದಿದ್ದರೆ ಮೈಲುತುತ್ತ ಬೇಡವಂತೆ" ಎನ್ನುತ್ತಾರೆ. ಹಿರಿಯರಲ್ಲಿ ಹಲವರು ಇದಕ್ಕೆ ತಲೆಯಾಡಿಸಿ, "ಅದೆಲ್ಲ ಬರೀ ಬಣ್ಣದ ನೀರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎರಡು ಮಾತೂ ಪೂರ್ತಿ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಮನೆಬಾಗಿಲಿಗೆ ಬಂದ ಮಾರಾಟಗಾರನೊಬ್ಬನ ಮಾತು ಕೇಳಿ, ನಮ್ಮಲ್ಲೇ ಕೆಲವರು ಹಿಂದೊಂದು ಮಳೆಗಾಲ ಬೋರ್ಡೋ ಬಿಟ್ಟು ಇಂಥದೇ ಬಾಟಲಿಯ ಮದ್ದು ಹೊಡೆಸಿದೆವು. ಪುನರ್ವಸು ಮಳೆ ಮುಗಿಯುವುದರೊಳಗೆ ಮರದ ಬುಡದಲ್ಲಿ ಉದುರಿದ ಹಸಿ ಅಡಿಕೆಯನ್ನು ಬುಟ್ಟಿಗಟ್ಟಲೆ ಬಳಿದೆವು. ಕೊನೆಗೌಡನ ಕೂಲಿಯೂ ಹೋಯಿತು, ಫಸಲೂ ಹೋಯಿತು. ಮಾರಿದವನ ತಪ್ಪು ಎಷ್ಟೋ, ವಿಚಾರಿಸದೆ ಕೊಂಡ ನಮ್ಮ ತಪ್ಪೂ ಅಷ್ಟೇ. ಆ ಬಾಟಲಿಯಲ್ಲಿ ಏನಿರಬೇಕಿತ್ತು, ಅದು ಹೇಗೆ ಕೆಲಸ ಮಾಡಬೇಕಿತ್ತು ಎಂದು ನಾವು ಕೇಳಲೇ ಇಲ್ಲ. ಆಮೇಲೆ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ವೈರಿಯ ಗುಣ

ಕೊಳೆರೋಗ ಎಂಬ ನಮ್ಮ ಕನ್ನಡದ ಮಾತು ವಿಜ್ಞಾನದ ಪುಸ್ತಕಗಳನ್ನು ಸೇರಿ ನೂರೈವತ್ತು ವರ್ಷಗಳಾಗುತ್ತ ಬಂದವು. ಮೈಸೂರು ಸೀಮೆಯ ಕಾಫಿ ಎಲೆಯ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ಪಂಡಿತರು 1876ರಲ್ಲಿ 'ಪೆಲಿಕ್ಯುಲೇರಿಯಾ ಕೊಳೆರೋಗ' ಎಂದೇ ನಾಮಕರಣ ಮಾಡಿದರು. ಅಡಿಕೆಯ ಕೊಳೆ ಬೇರೆ. ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅದರ ಮೇಲೊಂದು ಪುಸ್ತಿಕೆ ಬರೆದು, ಫೈಟೊಫ್ತೊರ ಎಂಬ ಕುಲದ ಜೀವಿಯೇ ಅದರ ಮೂಲವೆಂದು ತೋರಿಸಿದರು. ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಇಂಥವರ ದುಡಿಮೆಯಿಂದ.

ಈ ಫೈಟೊಫ್ತೊರದ ಒಂದು ಗುಣವನ್ನು ಮರೆಯಬಾರದು. ಅದು ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ; ನೀರಿನ ಪಾಚಿಗಳ ದೂರದ ನಂಟ. ಮಳೆನೀರಿನ ತೆಳುಪದರ ಸಿಕ್ಕರೆ ಸಾಕು, ಎರಡು ಬಾಲಗಳುಳ್ಳ ಈಜುಬೀಜಗಳನ್ನು ಬಿಡುತ್ತದೆ. ಅವು ಈಜಿ ಕಾಯಿಯನ್ನೋ ಬೇರನ್ನೋ ಮುಟ್ಟುತ್ತವೆ. ಈಜುವ ಹೊತ್ತಿನಲ್ಲಿ ಅವಕ್ಕೆ ಗಟ್ಟಿ ಕವಚವಿಲ್ಲ, ತೆಳ್ಳನೆಯ ಕೊಬ್ಬಿನ ಪೊರೆ ಮಾತ್ರ. ಒಮ್ಮೆ ಕಾಯಿಗೆ ಅಂಟಿ ಕವಚ ಕಟ್ಟಿಕೊಂಡು ಒಳಹೊಕ್ಕರೆ ಆಟ ಮುಗಿಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಈಜುಬೀಜಕ್ಕೆ ನೀರಿನ ಬರವೆಲ್ಲಿ?

ಮಣ್ಣಿನ ಬ್ಯಾಕ್ಟೀರಿಯಾ ಕಟ್ಟುವ ಒಂದು ಬಗೆಯ ಮದ್ದು ಸರಿಯಾಗಿ ಈ ತೆಳ್ಳನೆಯ ಪೊರೆಯನ್ನೇ ಹರಿಯುತ್ತದೆ. ಆ ಮದ್ದಿಗೆ ಲಿಪೊಪೆಪ್ಟೈಡ್ ಎಂದು ಹೆಸರು. 'ಲಿಪೊ' ಎಂದರೆ ಕೊಬ್ಬು, 'ಪೆಪ್ಟೈಡ್' ಎಂದರೆ ಅಮೈನೋ ಆಮ್ಲಗಳ ಸಣ್ಣ ಸರ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಅಂಟುವಾಳದ ನೊರೆಯೂ ಸಾಬೂನೂ ಹೀಗೆಯೇ ಜಿಡ್ಡನ್ನು ಬಿಡಿಸುತ್ತವೆ. ನೆದರ್ಲೆಂಡ್ಸಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರಿನ ಬಳಿಯ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ ತಯಾರಿಸಿದ ಇಂಥ ವಸ್ತು ತಾಗಿದ ಈಜುಬೀಜಗಳು ಒಂದು ನಿಮಿಷದೊಳಗೆ ಒಡೆದುಹೋದವು. ಆದ್ದರಿಂದ "ಎಲ್ಲ ಬಣ್ಣದ ನೀರು" ಎಂಬ ಹಿರಿಯರ ಮಾತನ್ನು ನಾವು ಒಪ್ಪುವುದಿಲ್ಲ.

ಸರ ಕಟ್ಟುವ ಬಗೆ

ಇನ್ನು ಇದನ್ನು ಬ್ಯಾಕ್ಟೀರಿಯಾ ಕಟ್ಟುವುದು ಹೇಗೆ? ನಮ್ಮ ಕಡೆ ಹೆಂಗಸರು ಅಬ್ಬಲಿಗೆ ದಂಡೆ ಕಟ್ಟುವುದನ್ನು ನೆನೆಸಿಕೊಳ್ಳಿ. ಒಬ್ಬಳೇ ಕೂತು ಕಟ್ಟುವ ಬದಲು ಏಳು ಮಂದಿ ಸಾಲಾಗಿ ಕೂತಿದ್ದಾರೆ ಎನ್ನಿ. ಮೊದಲನೆಯವಳು ಉದ್ದನೆಯ ಬಾಳೆನಾರಿನ ತುದಿಗೆ ಒಂದು ಹೂ ಕಟ್ಟಿ ಪಕ್ಕದವಳಿಗೆ ದಾಟಿಸುತ್ತಾಳೆ. ಅವಳು ತನ್ನ ಬುಟ್ಟಿಯ ಹೂವನ್ನೊಂದು ಸೇರಿಸಿ ಮುಂದಿನವಳಿಗೆ ಕೊಡುತ್ತಾಳೆ. ಒಬ್ಬೊಬ್ಬಳ ಬುಟ್ಟಿಯಲ್ಲಿ ಒಂದೊಂದೇ ಬಗೆಯ ಹೂ. ಏಳನೆಯವಳು ತನ್ನ ಹೂ ಕಟ್ಟಿದ ಮೇಲೆ ಸರದ ತುದಿಯನ್ನು ಬಾಗಿಸಿ ನಾರಿನ ಬುಡಕ್ಕೇ ಗಂಟು ಹಾಕುತ್ತಾಳೆ. ಬಳೆಯಂಥ ದುಂಡು ಸರ, ಅದಕ್ಕೊಂದು ನಾರಿನ ಬಾಲ.

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಕಟ್ಟುವ ಸರ್ಫ್ಯಾಕ್ಟಿನ್ ಎಂಬ ಮದ್ದು ಬಹುಮಟ್ಟಿಗೆ ಇದೇ. 1968ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ಹೂಗಳೆಂದರೆ ಏಳು ಅಮೈನೋ ಆಮ್ಲಗಳು. ಬಾಳೆನಾರು ಎಂದರೆ ಹದಿಮೂರರಿಂದ ಹದಿನೈದು ಇಂಗಾಲದ ಕೊಂಡಿಗಳುಳ್ಳ ಕೊಬ್ಬಿನ ಆಮ್ಲ. ಸಾಲಾಗಿ ಕೂತ ಹೆಂಗಸರೆಂದರೆ ಮೂರು ದೈತ್ಯ ಕಿಣ್ವಗಳು. ಮೊದಲ ಎರಡರಲ್ಲಿ ಮೂರು ಮೂರು ಪೀಠ, ಕೊನೆಯದರಲ್ಲಿ ಒಂದು. ಪ್ರತಿ ಪೀಠದಲ್ಲೂ ಮೂರು ಕೆಲಸ: ತಕ್ಕ ಆಮ್ಲವನ್ನು ಆರಿಸುವುದು, ಅದನ್ನು ತೋಳಿನಲ್ಲಿ ಹಿಡಿದು ನಿಲ್ಲುವುದು, ಹಿಂದಿನಿಂದ ಬಂದ ಸರಕ್ಕೆ ಅದನ್ನು ಜೋಡಿಸುವುದು. ಎರಡು ಕಡೆ ಹೂವನ್ನು ಮಗುಚಿ ಕಟ್ಟುವ ಏರ್ಪಾಡೂ ಉಂಟು. ಅಲ್ಲಿ ಲ್ಯೂಸಿನ್ ಎಂಬ ಆಮ್ಲ ಬಲಗೈಗೆ ಎಡಗೈ ಹೇಗೋ ಹಾಗೆ ತಿರುವುಮುರುವಾಗಿ ಸೇರುತ್ತದೆ. ಹೀಗೆ ಮಗುಚಿದ ಹೂ, ದುಂಡನೆಯ ಗಂಟು, ಇವೆರಡರಿಂದ ಸರವನ್ನು ಇತರ ಜೀವಿಗಳ ಕಿಣ್ವಗಳು ಸುಲಭವಾಗಿ ಕತ್ತರಿಸಲಾರವು.

ಜೀವಕೋಶ ತನ್ನ ಸಾಮಾನ್ಯ ಪ್ರೋಟೀನುಗಳನ್ನು ರೈಬೋಸೋಮ್ ಎಂಬ ಯಂತ್ರದಲ್ಲಿ, ವಂಶವಾಹಿಯ ಪಟ್ಟಿ ಓದಿ ಓದಿ ಹೊಸೆಯುತ್ತದೆ. ಈ ಮದ್ದಿಗೆ ಆ ಯಂತ್ರ ಬೇಡ. ಇಲ್ಲಿ ಕೂತವರ ಸಾಲೇ ಪಟ್ಟಿ. ಇದೇ ಬ್ಯಾಸಿಲಸ್ ಕುಲದಲ್ಲಿ ಏಳು ಹೂವಿನ ಇಟುರಿನ್, ಹತ್ತು ಹೂವಿನ ಫೆಂಜೈಸಿನ್ ಎಂಬ ಸರಗಳೂ ಇವೆ. ನಿಜವಾದ ಶಿಲೀಂಧ್ರಗಳ ಮೇಲೆ ಇವುಗಳ ಪ್ರಭಾವ ಹೆಚ್ಚು. ಸರ್ಫ್ಯಾಕ್ಟಿನ್ ಎಂಥ ಸಾಬೂನೆಂದರೆ, ಶುದ್ಧ ನೀರಿನ ಮೇಲ್ಮೈ ಬಿಗಿತದ ಅಳತೆ 72 ಇದ್ದದ್ದು ಲೀಟರಿಗೆ ಕೆಲವೇ ಮಿಲಿಗ್ರಾಂ ಬಿದ್ದರೆ 27ರ ಸುಮಾರಿಗೆ ಇಳಿಯುತ್ತದೆ.

ಹೆಸರು ಒಂದೇ, ಗುಣ ಬೇರೆ

ಇಷ್ಟು ತಿಳಿದ ಮೇಲೆ ಬಾಟಲಿಯ ವಿಷಯಕ್ಕೆ ಬರೋಣ. ಮೂರು ಸಂಗತಿಗಳನ್ನು ಮಾರಾಟಗಾರ ನಮಗೆ ಹೇಳಿರಲಿಲ್ಲ.

ಒಂದನೆಯದು: ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಹೆಸರಿದ್ದ ಮಾತ್ರಕ್ಕೆ ಮದ್ದು ಕಟ್ಟುತ್ತದೆಂಬ ಭರವಸೆಯಿಲ್ಲ. ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಈ ಜಾತಿಯ ತಳಿಗೆ '168' ಎಂದು ಹೆಸರು. ಅದರಲ್ಲಿ ಏಳೂ ಪೀಠಗಳ ವಂಶವಾಹಿ ಇದೆ. ಆದರೆ ಆ ಪೀಠಗಳಿಗೆ ತೋಳು ಜೋಡಿಸುವ ಒಂದು ಸಣ್ಣ ಕಿಣ್ವದ ವಂಶವಾಹಿ ಕೆಟ್ಟಿದೆ. ತೋಳಿಲ್ಲದವರು ಹೂವನ್ನು ಹಿಡಿಯುವುದೆಂತು? ಏಳು ಮಂದಿಯೂ ಸುಮ್ಮನೆ ಕೂತಿರುತ್ತಾರೆ. ಒಂದು ಸರವೂ ಹೊರಡುವುದಿಲ್ಲ. ಆ ಒಂದು ವಂಶವಾಹಿಯನ್ನು ಸರಿಪಡಿಸಿದೊಡನೆ ಅದೇ ತಳಿ ಸರ್ಫ್ಯಾಕ್ಟಿನ್ ಕಟ್ಟತೊಡಗುತ್ತದೆ. ಅಡಿಕೆಯಲ್ಲೂ ಮೆಣಸಿನಲ್ಲೂ ನಾವು ತಳಿ ಕೇಳದೆ ಸಸಿ ಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ಕೊಳ್ಳುವಾಗ ಮಾತ್ರ ಜಾತಿಯ ಹೆಸರಿಗೇ ತೃಪ್ತರಾಗುವುದೇಕೆ?

ಎರಡನೆಯದು: ಒಂಟಿ ಬ್ಯಾಕ್ಟೀರಿಯಾ ಈ ಮದ್ದು ಕಟ್ಟುವುದಿಲ್ಲ. ಪ್ರತಿಯೊಂದೂ ತನ್ನ ಸುತ್ತ ಒಂದು ಸೂಚನಾವಸ್ತುವನ್ನು ಸೂಸುತ್ತಿರುತ್ತದೆ. ಅಕ್ಕಪಕ್ಕದಲ್ಲಿ ಬಂಧುಬಳಗ ದಟ್ಟವಾದಾಗ ಆ ವಸ್ತು ಮಡುಗಟ್ಟುತ್ತದೆ. ಆಗ ಮಾತ್ರ ಸರ ಕಟ್ಟುವ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಊರವರೆಲ್ಲ ಕೂಡಿದರೆ ತಾನೇ ಕೆರೆ ಹೂಳು ಎತ್ತುವ ಕೆಲಸ ಶುರುವಾಗುವುದು? ಹಾಗೆಯೇ ಇದು.

ಮೂರನೆಯದು: ದಟ್ಟವಾಗಬೇಕಾದರೆ ಅನ್ನ ಬೇಕು. ಕೊಬ್ಬಿನ ನಾರು, ಏಳು ಆಮ್ಲ, ಅವನ್ನು ಆರಿಸಿ ಹೆಣೆಯಲು ಶಕ್ತಿ, ಇವೆಲ್ಲವೂ ಬ್ಯಾಕ್ಟೀರಿಯಾ ತಿಂದ ಅನ್ನದಿಂದಲೇ ಬರಬೇಕು. ಆ ಅನ್ನ ನಾವು ಬುಡಕ್ಕೆ ಹಾಕುವ ಸೊಪ್ಪು, ದರಕು, ಕೊಟ್ಟಿಗೆ ಗೊಬ್ಬರ ಮತ್ತು ಬೇರು ಒಸರುವ ರಸ. ಬೆತ್ತಲೆ ನೆಲಕ್ಕೆ ಬಾಟಲಿ ಸುರಿಯುವುದು, ಕೂಲಿ ಕರೆದು ಗಂಜಿ ಕೊಡದೆ ದುಡಿಸಲು ಹೋದಂತೆ.

ಈಗ ನಮ್ಮ ಸೋಲಿನ ಕಾರಣ ಊಹಿಸಬಹುದು. ನಲವತ್ತು ಐವತ್ತು ಅಡಿ ಎತ್ತರದ ನುಣುಪು ಕಾಯಿಯ ಮೇಲೆ ಈ ಜೀವಿಗಳಿಗೆ ಅನ್ನವಿಲ್ಲ, ನೆಲೆಯಿಲ್ಲ, ಸುರಿಮಳೆಗೆ ನಿಲ್ಲುವ ಶಕ್ತಿಯಿಲ್ಲ. ಬಾಟಲಿ ಸಾಚಾ ಆಗಿದ್ದರೂ ಅಲ್ಲಿ ಸೋಲುವ ಸಂಭವವೇ ಹೆಚ್ಚು. ಬೋರ್ಡೋ ಮಾತ್ರ ಸುಣ್ಣದ ಪೊರೆಯಾಗಿ ಕಾಯಿಗೆ ಅಂಟಿ ನಿಲ್ಲುತ್ತದೆ. ಅದಕ್ಕೆ ಅನ್ನ ಬೇಡ.

ಮಣ್ಣಿನ ಮದ್ದು ಆಸ್ಪತ್ರೆಯಲ್ಲಿ

ಇದು ತೋಟದ ಲಾಭನಷ್ಟದ ಮಾತಷ್ಟೇ ಅಲ್ಲ. ಟರ್ಕಿ ದೇಶದ ಅರಾರತ್ ಬೆಟ್ಟದ ಮಣ್ಣಿನಿಂದ ತೆಗೆದ ಸ್ಟ್ರೆಪ್ಟೋಮೈಸಿಸ್ ಜೀವಿಯೊಂದು ಹದಿಮೂರು ಆಮ್ಲಗಳ ಲಿಪೊಪೆಪ್ಟೈಡನ್ನು ಇದೇ ದಂಡೆಯ ರೀತಿಯಲ್ಲಿ ಕಟ್ಟುತ್ತದೆ. ಡ್ಯಾಪ್ಟೊಮೈಸಿನ್ ಎಂಬ ಆ ಮದ್ದಿಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು; ಬೇರೆ ಮದ್ದಿಗೆ ಬಗ್ಗದ ರಕ್ತದ ನಂಜಿಗೆ ಅದನ್ನು ಕೊಡುತ್ತಾರೆ. ಪಾಲಿಮಿಕ್ಸಿನ್ ಎಂಬುದು 1947ರಲ್ಲಿ ಬೆಳಕಿಗೆ ಬಂದ ಇನ್ನೊಂದು ಲಿಪೊಪೆಪ್ಟೈಡ್. ಅದೂ ಮಣ್ಣಿನ ಬ್ಯಾಕ್ಟೀರಿಯಾದ ದುಡಿಮೆಯೇ. ಅದೇ ಬಳಗದ ಕೊಲಿಸ್ಟಿನ್ ಇಂದು ವೈದ್ಯರ ಕೈಯ ಕೊನೆಯ ಅಸ್ತ್ರಗಳಲ್ಲಿ ಒಂದು.

ಆ ಅಸ್ತ್ರವನ್ನು ಕೋಳಿಗಳು ಬೇಗ ಕೊಬ್ಬಲಿ ಎಂದು ಮೇವಿನಲ್ಲಿ ಬೆರೆಸುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆದಿತ್ತು. ಕೊಲಿಸ್ಟಿನ್ನಿಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ವಂಶವಾಹಿಯೊಂದು ಚೀನಾದಲ್ಲಿ ಕಂಡುಬಂದುದಾಗಿ 2015ರಲ್ಲಿ ವರದಿಯಾಯಿತು. ನಮ್ಮ ಕೇಂದ್ರ ಸರಕಾರ 2019ರ ಜುಲೈಯಲ್ಲಿ ಕೋಳಿ ಮತ್ತು ಇತರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ನಮ್ಮಲ್ಲಿ ಹಲವರು ತೋಟಕ್ಕೆ ಕೋಳಿ ಗೊಬ್ಬರ ತರಿಸುತ್ತೇವೆ. ಯಾವ ಮೇವು, ಯಾವ ಮದ್ದು ತಿಂದ ಕೋಳಿಯ ಗೊಬ್ಬರ ಎಂದು ಕೇಳುವ ಹಕ್ಕೂ ಕರ್ತವ್ಯವೂ ನಮಗಿದೆ. ತಂದ ಮೇಲೂ ಹಸಿಯಾಗಿ ಹಾಕದೆ ಚೆನ್ನಾಗಿ ಕಳಿಸಿ ಹಾಕುವುದು ಲೇಸು.

ಮಣ್ಣಿನಲ್ಲಿ ಮದ್ದು ಹುಡುಕುವ ವಿದ್ಯೆ ನಮ್ಮವರಿಗೆ ಹೊಸತೇನಲ್ಲ. ಮೈಸೂರಿನ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರೂ ಅವರ ಸಹೋದ್ಯೋಗಿಗಳೂ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ದುಡಿದು, 1960ರ ದಶಕದಲ್ಲಿ ಹ್ಯಾಮೈಸಿನ್, ಆರಿಯೋಫಂಗಿನ್ ಎಂಬ ಶಿಲೀಂಧ್ರನಾಶಕಗಳನ್ನು ಹೊರತಂದರು. ಅವು ಲಿಪೊಪೆಪ್ಟೈಡುಗಳಲ್ಲ, ಬೇರೆ ಬಗೆಯವು. ಆದರೆ ಅವನ್ನು ಕಟ್ಟಿದ್ದು ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಬಳಗವೇ. ಮೊದಲ ಮಳೆ ಬಿದ್ದಾಗ ಮೂಗಿಗೆ ಹಿತವಾಗುವ ಮಣ್ಣಿನ ವಾಸನೆ ಬರುತ್ತದಲ್ಲ, ಅದೂ ಬಹುಪಾಲು ಈ ಬಳಗದ್ದೇ.

ಸಂಘ ಮಾಡಬೇಕಾದ್ದು

ಹೀಗಿರಲು, ಮುಂಬರುವ ಸಾಮಾನ್ಯ ಸಭೆಯ ಮುಂದೆ ನಾವು ಇಡುವ ಸಲಹೆಗಳು ಇವು.

ಕೊನೆಗೆ ಹೊಡೆಯುವ ಮದ್ದು ಸದ್ಯಕ್ಕೆ ಬೋರ್ಡೋವೇ ಇರಲಿ. ಅದನ್ನು ಅಳತೆಗೆ ಸರಿಯಾಗಿ, ಆಯಾ ದಿನವೇ ಕಲಸಿ, ಚಾಕುವಿನ ಅಲಗು ಅದ್ದಿ ಕೆಂಪು ಅಂಟುವುದೇ ಎಂದು ನೋಡಿ ಬಳಸೋಣ. ಆದರೆ ಉಳಿದ ದ್ರಾವಣವನ್ನು ಮರದ ಬುಡಕ್ಕೆ ಚೆಲ್ಲುವ ಚಾಳಿ ಬಿಡಬೇಕು. ತಾಮ್ರ ಮಣ್ಣಿನಲ್ಲಿ ಕರಗಿಹೋಗುವುದಿಲ್ಲ. ವರ್ಷ ವರ್ಷ ಸೇರುತ್ತ ಹೋಗಿ ನಮ್ಮ ಕಾಣದ ಕೆಲಸಗಾರರನ್ನೇ ಕೊಲ್ಲುತ್ತದೆ.

ಸೂಕ್ಷ್ಮಾಣು ಮದ್ದಿನ ಜಾಗ ಬುಡ, ಕೊನೆಯಲ್ಲ. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ಫೈಟೊಫ್ತೊರವೇ ಕಾರಣ. ಅದು ಬೇರಿನಿಂದ ಏರುತ್ತದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಮೆಣಸಿಗೆ ಟ್ರೈಕೋಡರ್ಮ ಮತ್ತು ಸ್ಯೂಡೋಮೋನಾಸ್ ಬಳಕೆಯನ್ನು ಬಹುಕಾಲದಿಂದ ಶಿಫಾರಸು ಮಾಡುತ್ತ ಬಂದಿದೆ. ಅಡಿಕೆಯ ನಡುವೆ ಮೆಣಸು, ಕಾಫಿ ಇಟ್ಟವರು ಸಸಿಮಡಿಯಲ್ಲೂ ಬಳ್ಳಿಯ ಬುಡದಲ್ಲೂ, ಕಳಿತ ಗೊಬ್ಬರದೊಡನೆ, ತಾಮ್ರದ ಮದ್ದಿನಿಂದ ಕೆಲವು ವಾರ ಅಂತರವಿಟ್ಟು ಇವನ್ನು ಬಳಸಿ ನೋಡಲಿ.

ಸಂಘದ ಮಳಿಗೆ ಯಾವ ಬಾಟಲಿಯನ್ನು ಇಡುವುದಾದರೂ ಮೊದಲು ಚೀಟಿ ಓದಲಿ. 1968ರ ಕೀಟನಾಶಕ ಕಾಯಿದೆಯಡಿ ಪಡೆದ ನೋಂದಣಿ ಸಂಖ್ಯೆ ಇದೆಯೆ? ತಳಿಯ ಗುರುತು ಇದೆಯೆ? ಗ್ರಾಮಿಗೆ ಎಷ್ಟು ಜೀವಕಣ ಎಂಬ ಎಣಿಕೆ ಇದೆಯೆ? ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಇದೆಯೆ? ಬ್ಯಾಸಿಲಸ್ ಗಟ್ಟಿ ಬೀಜಕಣವಾಗಿ ಬಹಳ ದಿನ ತಾಳುತ್ತದೆ. ಸ್ಯೂಡೋಮೋನಾಸಿಗೆ ಆ ಶಕ್ತಿಯಿಲ್ಲ. ಬಿಸಿಲಿಗೆ ಬಿಟ್ಟ ಪೊಟ್ಟಣದಲ್ಲಿ ಅದು ಬೇಗ ಸಾಯುತ್ತದೆ. ಅನುಮಾನ ಬಂದರೆ ಪ್ರತಿ ಸರಕಿನಿಂದ ಒಂದು ಮಾದರಿಯನ್ನು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ ಕಳಿಸಿ ಎಣಿಸಿ ತರಿಸೋಣ. ಒಬ್ಬೊಬ್ಬರಿಗೆ ದುಬಾರಿಯಾಗುವ ಈ ಖರ್ಚು ನೂರು ಮಂದಿ ಸೇರಿದರೆ ಹಗುರ. ಸಹಕಾರ ಸಂಘ ಇರುವುದೇ ಇಂಥದಕ್ಕೆ.

ಐದಾರು ತೋಟಗಳಲ್ಲಿ ನಾವೇ ಪರೀಕ್ಷೆ ನಡೆಸೋಣ. ಒಂದು ಸಾಲಿಗೆ ಮದ್ದು, ಪಕ್ಕದ ಸಾಲಿಗೆ ಬರೀ ಗೊಬ್ಬರ, ಮೂರನೆಯದಕ್ಕೆ ಏನೂ ಇಲ್ಲ. ಸತ್ತ ಬಳ್ಳಿ ಎಷ್ಟು, ಉಳಿದದ್ದೆಷ್ಟು ಎಂದು ಎರಡು ಮಳೆಗಾಲ ಬರೆದಿಡೋಣ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಸಲಹೆ ಕೇಳೋಣ. ಗೆದ್ದರೆ ಆ ಸುದ್ದಿಯನ್ನೂ ಸೋತರೆ ಆ ಸುದ್ದಿಯನ್ನೂ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕೋಣ.

ಕೊನೆಯದಾಗಿ ಮಣ್ಣು. 2019ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿ ಉಕ್ಕಿ ಅಂಕೋಲೆ ಕಡೆಯ ತೋಟಗಳಿಗೆ ನುಗ್ಗಿದ್ದು ನಮಗೆ ಮರೆತಿಲ್ಲ. ಹೊಳೆ ಕೊಚ್ಚಿದ ಮೇಲ್ಮಣ್ಣಿನ ಜೊತೆಗೆ ತಲೆಮಾರುಗಳಿಂದ ಸೊಪ್ಪು ತಿಂದು ಬೆಳೆದ ಈ ಜೀವರಾಶಿಯೂ ಹೋಗುತ್ತದೆ. ಅದನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು. ಸೊಪ್ಪು, ದರಕು ಹಾಕಿ, ಕಪ್ಪು ತೆಗೆದು ನೀರು ಬಸಿದು, ನೆಲವನ್ನು ಮುಚ್ಚಿಟ್ಟರೆ ತಾನಾಗಿ ಮರಳುತ್ತದೆ. ನಿಧಾನಕ್ಕೆ, ಆದರೆ ಮರಳುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ಹಿತ್ತಲ ಮಣ್ಣನ್ನೂ ನಾವು ಹಾಗೆಯೇ ಕಡೆಗಣಿಸಿದೆವು. ಬಾಟಲಿಯಲ್ಲಿ ತುಂಬಿ ಬಣ್ಣದ ಚೀಟಿ ಹಚ್ಚಿ ಕೊಟ್ಟಾಗ ಮಾತ್ರ ಕಣ್ಣು ಮುಚ್ಚಿ ನಂಬಿದೆವು. ಎರಡನ್ನೂ ತಿದ್ದಿಕೊಳ್ಳುವ ಕಾಲ ಬಂದಿದೆ. ಸದಸ್ಯರು ತಮ್ಮ ಅನುಭವವನ್ನು, ನಮ್ಮ ಮಾತು ಒಪ್ಪದಿದ್ದರೆ ಅದನ್ನೂ, ಸಭೆಗೆ ಬಂದು ಹೇಳಬೇಕೆಂದು ಕೋರುತ್ತೇವೆ.